ಗುಬ್ಬಿ ಅತ್ತೆಯ ಫಾರ್ವರ್ಡ್

ನಿನ್ನೆ ರಾತ್ರಿ ನಮ್ಮ ತುಮಕೂರು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಹೆಸರು ತೆಗೆದು ಊರು ಮಾತ್ರ ಬಿಟ್ಟಿದ್ದೇನೆ. ಮೂರನೇ ಕೀಮೋ ಮುಗಿಸಿದ ಚಿಕ್ಕಮ್ಮನೂ ಈ ಗುಂಪಿನಲ್ಲಿದ್ದಾರೆ. ಬರೆಯುತ್ತಿದ್ದವರಿಗೆ ಅದು ನೆನಪೇ ಇರಲಿಲ್ಲ, ನನಗೂ ತಡವಾಗಿ ಹೊಳೆಯಿತು.

ಗುಬ್ಬಿ ಅತ್ತೆ: ಅಮೆರಿಕದಲ್ಲಿ ಸಮುದ್ರದ ಪಕ್ಕ ಏಳು ದಿನದ ಶಿಬಿರ. ಔಷಧಿ ಇಲ್ಲ, ಬರೀ ಯೋಗ, ಸೊಪ್ಪು ತರಕಾರಿ. ಕ್ಯಾನ್ಸರ್ ಮಾಯ!! ಹತ್ತು ಜನಕ್ಕೆ ಕಳಿಸಿ 🙏

ತಿಪಟೂರು ಅಣ್ಣ: ಯಾರು ಹೇಳಿದ್ದು ಅತ್ತೆ? ಮೂಲ ಎಲ್ಲಿ?

ಗುಬ್ಬಿ ಅತ್ತೆ: ಭಜನೆ ಗುಂಪಿನಲ್ಲಿ ಬಂತಪ್ಪ. ಒಳ್ಳೆಯದೇ ಅಲ್ವಾ ಅಂತ ಹಾಕಿದೆ. ನಾನು ಏನು ಹಾಕಿದರೂ ನಿನ್ನದು ಇದೇ ಪ್ರಶ್ನೆ.

ಶಿರಾ ದೊಡ್ಡಪ್ಪ: ನಮ್ಮ ಕಾಲದಲ್ಲಿ ಈ ಕಾಯಿಲೆ ಎಲ್ಲಿತ್ತು? ಮುದ್ದೆ ತಿಂದು ಬೆಳಗ್ಗೆ ಐದಕ್ಕೆ ಏಳುತ್ತಿದ್ದೆವು. ಈಗ ಗೋಬಿ ಮಂಚೂರಿ, ರಾತ್ರಿ ಎರಡರವರೆಗೆ ಫೋನು.

ತಿಪಟೂರು ಅಣ್ಣ: ಅಜ್ಜಿ ಗಂಟಲ ಗಡ್ಡೆಯಿಂದ ಹೋದವರು ದೊಡ್ಡಪ್ಪ. ಅವರೂ ಮುದ್ದೆನೇ ತಿಂದಿದ್ದು.

ಮಧುಗಿರಿ ತಮ್ಮ: ಶಿಬಿರ ಅಂದಾಗ ದೇವರಾಯನದುರ್ಗ ನೆನಪಾಯಿತು! ನಾಮದ ಚಿಲುಮೆ ಹತ್ತಿರ ಪುಳಿಯೋಗರೆ ಡಬ್ಬಿನೇ ಕೋತಿ ಎತ್ತಿಕೊಂಡು ಹೋಯಿತಲ್ಲ. ಬರುವಾಗ ಕ್ಯಾತ್ಸಂದ್ರದಲ್ಲಿ ದೊಡ್ಡಪ್ಪ ಆರು ತಟ್ಟೆ ಇಡ್ಲಿ ತಿಂದರು.

ಶಿರಾ ದೊಡ್ಡಪ್ಪ: ಐದು.

ಗುಬ್ಬಿ ಅತ್ತೆ: ಆ ಪುಳಿಯೋಗರೆಗೆ ನಾಲ್ಕಕ್ಕೆ ಎದ್ದವಳು ನಾನು. ನೀನು ಊಟ ಮಾಡಿದೆಯಾ ಅಂತ ಒಬ್ಬರೂ ಕೇಳಲಿಲ್ಲ.

ನಾನು: ಜಾಗ ಸುಳ್ಳಲ್ಲ, ಮೆಸೇಜು ಸುಳ್ಳು. ಕ್ಯಾಲಿಫೋರ್ನಿಯಾದ ಬೊಲಿನಾಸ್‌ನಲ್ಲಿ ಕಾಮನ್‌ವೀಲ್ ಅನ್ನುವ ಸಂಸ್ಥೆ 1980ರ ದಶಕದಲ್ಲೇ ವಾರದ ಶಿಬಿರ ಶುರು ಮಾಡಿತು. ಸಣ್ಣ ಗುಂಪು. ಯೋಗ, ಮಸಾಜ್ ಇವೆ, ಕಾಯಿಲೆಯವರು ಒಟ್ಟಿಗೆ ಕೂತು ಮಾತಾಡುವುದೂ ಇದೆ. ವಾಸಿ ಮಾಡುತ್ತೇವೆ ಅಂತ ಅವರು ಹೇಳುವುದಿಲ್ಲ. ಡಾಕ್ಟರ ಚಿಕಿತ್ಸೆ ಬಿಡಿ ಅಂತಲೂ ಹೇಳುವುದಿಲ್ಲ.

ಶಿರಾ ದೊಡ್ಡಪ್ಪ: ಬೆಂಗಳೂರಿನ ಕರುಣಾಶ್ರಯದ ಹಾಗಾ? ಅದು ಕೊನೆಗಾಲದವರ ಜಾಗ. ನಮ್ಮ ಮನೆಯವರಿಗೆ ಯಾಕೆ ಆ ಮಾತು?

ನಾನು: ಅದು ಬೇರೆ. ಕಾಯಿಲೆ ತುಂಬಾ ಮುಂದುವರಿದವರ ನೋವು ಇಳಿಸಿ, ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ ಅಲ್ಲಿ.

ತಿಪಟೂರು ಅಣ್ಣ: ಮಾತಾಡಿದರೆ ಏನಾಗುತ್ತದೆ? 1989ರಲ್ಲಿ ಡೇವಿಡ್ ಸ್ಪೀಗೆಲ್ ಅನ್ನುವ ಡಾಕ್ಟರು, ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಹೆಂಗಸರಲ್ಲಿ ಗುಂಪಾಗಿ ಕೂತವರು ಜಾಸ್ತಿ ದಿನ ಬದುಕಿದರು ಅಂದರು. 2001ರಲ್ಲಿ ಕೆನಡಾದವರು 235 ಜನರಲ್ಲಿ ನೋಡಿದರೆ ಆಯಸ್ಸು ಹೆಚ್ಚಿರಲಿಲ್ಲ.

ನಾನು: ಅರ್ಧ ಹೇಳಬೇಡ ಅಣ್ಣ. ಅದೇ 2001ರದ್ದರಲ್ಲಿ ಮನಸ್ಸಿನ ಸಂಕಟ, ನೋವು ಕಡಿಮೆಯಾಯಿತು ಅಂತಲೂ ಇದೆ, ಜಾಸ್ತಿ ಸಂಕಟದಲ್ಲಿದ್ದವರಿಗೇ ಜಾಸ್ತಿ ಅನುಕೂಲ.

ತಿಪಟೂರು ಅಣ್ಣ: ಅಪ್ಪ ಮಲಗಿದ್ದಾಗ ಹನ್ನೊಂದು ರಾತ್ರಿ ವಾರ್ಡಿನ ಹೊರಗೆ ನಾನೊಬ್ಬನೇ ಚಾಪೆ ಹಾಕಿಕೊಂಡು ಕೂತಿದ್ದೆ. ಆಗ ಈ ಗುಂಪಿನವರು ಎಲ್ಲಿದ್ದರು?

ಗುಬ್ಬಿ ಅತ್ತೆ: ನನ್ನ ಮೊಣಕಾಲಿನ ಕತೆ ನಿನಗೆ ಗೊತ್ತಿಲ್ವಾ?

ಇದಾದ ಮೇಲೆ ನಲವತ್ತು ಮೆಸೇಜು ಯಾರು ಬಂದರು, ಯಾರು ಬರಲಿಲ್ಲ ಅನ್ನುವುದೇ. ಅಳಿಸಿದ್ದೇನೆ. ಅಣ್ಣನ ಆ ಹನ್ನೊಂದು ರಾತ್ರಿ ಮಾತ್ರ ನಿಜ. ನಾನೂ ಹೋಗಿರಲಿಲ್ಲ.

ಚಿಕ್ಕಮ್ಮ: ಎಲ್ಲಾ ಓದಿದೆ. ಡ್ರಿಪ್ ಹಾಕಿಸಿಕೊಳ್ಳುವಾಗ ಪಕ್ಕದ ಹಾಸಿಗೆಗೆ ಕೊರಟಗೆರೆಯವರು ಒಬ್ಬರು ಬರುತ್ತಾರೆ. ಕೂದಲು ಬಚ್ಚಲಲ್ಲಿ ಕಟ್ಟಿಕೊಂಡದ್ದು, ನೀರೂ ಕಬ್ಬಿಣದ ಹಾಗೆ ರುಚಿಸುವುದು, ರಾತ್ರಿ ಹೆದರಿಕೆ, ಎಲ್ಲಾ ಅವರಿಗೆ ಹೇಳುತ್ತೇನೆ. ಮನೆಯಲ್ಲಿ ನಿಮ್ಮ ಮುಂದೆ ಚೆನ್ನಾಗಿದ್ದೀನಿ ಅನ್ನಬೇಕು, ಇಲ್ಲದಿದ್ದರೆ ನೀವೇ ಅಳುತ್ತೀರಿ. ಭಾನುವಾರ ಅವರನ್ನ ಮನೆಗೆ ಕರೆದಿದ್ದೇನೆ. ಇನ್ನಿಬ್ಬರೂ ಬರುತ್ತಾರೆ. ನೀವು ಯಾರೂ ಬರಬೇಡಿ.

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಗುಬ್ಬಿ ಅತ್ತೆ: ಪುಳಿಯೋಗರೆ ಮಾಡಿ ಕಳಿಸಲಾ?

ಚಿಕ್ಕಮ್ಮ: ಹುಳಿ ಖಾರ ಬೇಡ ಅಕ್ಕ, ಬಾಯೆಲ್ಲ ಹುಣ್ಣು. ಮೊಸರನ್ನ ಕಳಿಸಿ, ನಾಲ್ಕು ಜನಕ್ಕೆ.