ಅಪ್‌ಡೇಟ್: ಇಯರ್‌ಫೋನ್‌ನಲ್ಲಿ ಬೇಸ್ ಇಲ್ಲ ಅಂತ ಕೇಳಿದ್ದೆ, ತೊಂದರೆ ಇದ್ದದ್ದು ಅದರ ತುದಿಯ ಮೆತ್ತನೆಯ ಟಿಪ್‌ನಲ್ಲಿ

ಹೋದ ತಿಂಗಳು ಕೇಳಿದ್ದೆ: ಕಿವಿಯೊಳಗೆ ಕೂರುವ ಹೊಸ ಇಯರ್‌ಫೋನ್‌ನಲ್ಲಿ ಬೇಸ್, ಅಂದರೆ ಮೃದಂಗದ ಎಡಗಡೆಯ ಗುಂ ಎನ್ನುವ ತಗ್ಗು ನಾದವೇ ಕೇಳಿಸುತ್ತಿಲ್ಲ, ಬಲಕಿವಿಯಿಂದ ಜಾರಿ ಬೀಳುತ್ತದೆ, ಬೇರೆ ಕೊಳ್ಳಲೇ ಅಂತ. "ಮೊದಲು ಟಿಪ್ ಬದಲಾಯಿಸಿ ನೋಡಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ಬೇರೆ ಕೊಳ್ಳಲಿಲ್ಲ.

ಡಬ್ಬಿಯಲ್ಲಿ ಮೂರು ಅಳತೆಯ ಸಿಲಿಕಾನ್ ಟಿಪ್ ಇದ್ದವು. ನನ್ನ ಎಡಕಿವಿಗೆ ಮಧ್ಯದ್ದು ಸರಿ, ಬಲಕಿವಿಗೆ ದೊಡ್ಡದೇ ಬೇಕು. ಎರಡೂ ಕಿವಿ ಒಂದೇ ಅಳತೆ ಅಂತ ಸುಮ್ನೆ ಅಂದುಕೊಂಡಿದ್ದೆ. ಸಣ್ಣ ಸಂದಿ ಉಳಿದರೂ ಬೇಸ್ ಅಲ್ಲಿಂದಲೇ ಸೋರಿಹೋಗುತ್ತದೆ. ಇನ್ನೊಂದು ಕೈಯಿಂದ ಕಿವಿಯನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದು ಹಾಕಿಕೊಂಡಾಗ ಸರಿಯಾಗಿ ಕೂತಿತು. ಆ ಗುಂ ನಾದ ಬಂತು ನೋಡಿ, ನೂರು ಸಲ ಕೇಳಿದ ರೆಕಾರ್ಡಿಂಗ್ ಹೊಸದಾಗಿ ಕೇಳಿಸಿತು!

ಫೋಮ್ ಟಿಪ್ ಕೂಡ ತರಿಸಿದೆ. ಬೆರಳಲ್ಲಿ ಹಿಸುಕಿ ಒಳಗಿಟ್ಟು, ಉಬ್ಬುವ ತನಕ ಹಿಡಿದಿರಬೇಕು. ಮೆಟ್ರೋ ಸದ್ದನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಸಿಲಿಕಾನ್‌ಗಿಂತ ಬೇಗ ಹಾಳಾಗುತ್ತದೆ. ದಿನಬಳಕೆಗೆ ನನಗೆ ಸಿಲಿಕಾನೇ ಸಾಕು.

ಜಾಸ್ತಿ ಖುಷಿ ಕೊಟ್ಟಿದ್ದು ವಾಲ್ಯೂಮ್. ಹೊರಗಿನ ಸದ್ದು ಕಡಿಮೆಯಾದ್ದರಿಂದ ಮುಕ್ಕಾಲು ಭಾಗದಲ್ಲಿದ್ದದ್ದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದೇನೆ. ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಸ್ತೆ ದಾಟುವಾಗ ಮಾತ್ರ ಎರಡನ್ನೂ ತೆಗೆದುಬಿಡುತ್ತೇನೆ. ಹಾರ್ನ್ ಕೇಳಿಸಬೇಕಲ್ವಾ?

ಮೊನ್ನೆ ಎಡಗಡೆ ಸದ್ದು ಕುಗ್ಗಿತ್ತು. ಇಯರ್‌ಫೋನ್‌ನಲ್ಲಿ ಸದ್ದು ಬರುವ ಜಾಲರಿಗೆ ಕಿವಿಯ ಗುಗ್ಗೆ ಅಂಟಿತ್ತು. ಟಿಪ್ ಕಳಚಿ, ಜಾಲರಿ ಕೆಳಮುಖ ಮಾಡಿ, ಒಣ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದೆ. ಸರಿಹೋಯಿತು.