ಸಹಾಯ ಬೇಕು: ಕೃಷಿ ಸಬ್ಸಿಡಿ ಪಡೆದವರ ಹಳೆಯ ಪಟ್ಟಿಗಳು

ನಮಸ್ಕಾರ. ಐರೋಪ್ಯ ಒಕ್ಕೂಟದ ಕೃಷಿ ಸಬ್ಸಿಡಿ ಯಾರ ಕೈ ಸೇರುತ್ತದೆ ಎಂಬ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಸದಸ್ಯ ರಾಷ್ಟ್ರಗಳು ಫಲಾನುಭವಿಗಳ ಹೆಸರು, ಮೊತ್ತ ಪ್ರಕಟಿಸಲೇಬೇಕು. ಆದರೆ ಎರಡು ವರ್ಷ ಉಳಿಸಿದರೆ ಸಾಕು! ಹೀಗಾದರೆ ದಶಕದ ಲೆಕ್ಕವನ್ನು ಹೋಲಿಸುವುದು ಹೇಗೆ?

2010ರಲ್ಲಿ ಐರೋಪ್ಯ ನ್ಯಾಯಾಲಯ ಖಾಸಗಿತನದ ಕಾರಣ ನೀಡಿ, ವ್ಯಕ್ತಿಗಳ ಹೆಸರು ಪ್ರಕಟಿಸುವ ನಿಯಮವನ್ನು ಅಸಿಂಧುಗೊಳಿಸಿತು. 2013ರ ಹೊಸ ನಿಯಮ ಬಂದ ಮೇಲಷ್ಟೇ ಹೆಸರುಗಳು ಮರಳಿದವು. ಸಣ್ಣ ರೈತರ ಮಟ್ಟಿಗೆ ಆ ತೀರ್ಪು ಸರಿ ಎನ್ನುತ್ತೇನೆ. ಆದರೆ ಸ್ವಂತ ಹೆಸರಿನಲ್ಲಿ ಹಣ ಪಡೆಯುವ ದೊಡ್ಡ ಜಮೀನ್ದಾರರೂ ಅದರ ಮರೆಗೆ ಸರಿದರು.

ಯಾರಾದರೂ ಹಳೆಯ ಪಟ್ಟಿಗಳನ್ನು ಇಳಿಸಿಟ್ಟುಕೊಂಡಿದ್ದೀರಾ? ಯಾವ ದೇಶದ್ದಾದರೂ ಸರಿ. ಒಂದೇ ಕಂಪನಿ ಬೇರೆ ಬೇರೆ ಕಾಗುಣಿತದಲ್ಲಿ ನಮೂದಾಗಿದ್ದರೆ ಗುರುತಿಸುವ ಸುಲಭ ವಿಧಾನವಿದ್ದರೆ ಅದನ್ನೂ ತಿಳಿಸಿ.