ಐಸ್‌ಲ್ಯಾಂಡ್‌ನಲ್ಲಿ ಒಂದೂವರೆ ತಿಂಗಳು, ಬೆನ್ನಿಗೆ ಬ್ಯಾಗ್: ಖರ್ಚು ಎಲ್ಲಿ ಉಳಿಸಬಹುದು?

ಚಾರಣದ_ಹುಚ್ಚು:
ನಮಸ್ಕಾರ. ಮುಂದಿನ ಬೇಸಿಗೆಗೆ ನಾವಿಬ್ಬರು ಗೆಳತಿಯರು ಐಸ್‌ಲ್ಯಾಂಡ್‌ಗೆ ಹೊರಟಿದ್ದೇವೆ. ಟೆಂಟ್ ಇದೆ, ಭಾರ ಹೊತ್ತು ನಡೆದು ಅಭ್ಯಾಸವೂ ಇದೆ. ಪ್ಲಾನ್ ಹೀಗಿದೆ: ಜೂನ್ ಮೊದಲ ವಾರ ಇಳಿಯುವುದು, ಸಣ್ಣ ಕಾರು ಬಾಡಿಗೆಗೆ ತಗೊಂಡು ದೇಶವನ್ನೇ ಸುತ್ತಿ ಬರುವ ರಿಂಗ್ ರೋಡ್ ಪೂರ್ತಿ ಸುತ್ತುವುದು, ಮಧ್ಯೆ ಲೌಗಾವೆಗುರ್ ಚಾರಣ, ಆಮೇಲೆ ಒಳನಾಡಿನ ಆಸ್ಕ್ಯಾ ಜ್ವಾಲಾಮುಖಿ, ಕೊನೆಗೆ ವಾಯವ್ಯ ತುದಿಯ ಹಾರ್ನ್‌ಸ್ಟ್ರಾಂಡಿರ್. ಆದರೆ ಲೆಕ್ಕ ಹಾಕೋಕೆ ಕೂತರೆ ಕಾರಿನ ಬಾಡಿಗೆಯೇ ಅರ್ಧ ದುಡ್ಡು ನುಂಗುತ್ತಿದೆ. ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು? ಹೋಗಿ ಬಂದವರು ನೇರವಾಗಿ ಹೇಳಿ, ಬೇಜಾರಿಲ್ಲ.

ಬೂಟುಗಾಲು:
ನೇರವಾಗಿಯೇ ಹೇಳ್ತೀನಿ, ಮೊದಲು ಕಾರು ಬಿಡಿ. ಲೌಗಾವೆಗುರ್ ಶುರುವಾಗುವುದು ಲಾಂಡ್‌ಮನ್ನಲೌಗರ್‌ನಲ್ಲಿ, ಮುಗಿಯುವುದು ಸುಮಾರು 55 ಕಿ.ಮೀ. ಆಚೆ ಥೋರ್ಸ್‌ಮೋರ್ಕ್‌ನಲ್ಲಿ. ನೀವು ನಾಲ್ಕು ದಿನ ನಡೆಯುವಾಗ ಕಾರು ಸುಮ್ನೆ ನಿಂತಿರುತ್ತೆ, ಬಾಡಿಗೆ ಓಡ್ತಾ ಇರುತ್ತೆ, ಕೊನೆಗೆ ಅದನ್ನು ತರೋಕೆ ಮತ್ತೆ ವಾಪಸ್ ಹೋಗಬೇಕು. ಅದೂ ಅಲ್ಲದೆ ಒಳನಾಡಿನ ಎಫ್ ರಸ್ತೆಗಳಲ್ಲಿ (ನಂಬರಿನ ಮುಂದೆ ಎಫ್ ಅಂತಿರುವ ಒರಟು ಗುಡ್ಡಗಾಡು ರಸ್ತೆಗಳು) ಫೋರ್ ವೀಲ್ ಡ್ರೈವ್ ಬಿಟ್ಟು ಬೇರೆ ಗಾಡಿ ಓಡಿಸುವ ಹಾಗಿಲ್ಲ. ಹೊಳೆ ದಾಟುವಾಗ ಎಂಜಿನ್‌ಗೆ ನೀರು ನುಗ್ಗಿದರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಬರಲ್ಲ. ಬೇಸಿಗೆಯಲ್ಲಿ ರೇಕ್ಯಾವಿಕ್‌ನಿಂದ ಲಾಂಡ್‌ಮನ್ನಲೌಗರ್‌ಗೂ ಥೋರ್ಸ್‌ಮೋರ್ಕ್‌ಗೂ ಎತ್ತರದ ಬಸ್ಸುಗಳು ಓಡುತ್ತವೆ. ಟಿಕೆಟ್ ಅಗ್ಗ ಏನಲ್ಲ, ಆದರೂ ಕಾರಿನ ಮುಂದೆ ಏನೂ ಅಲ್ಲ.

ಎರಡನೇದು, ಜೂನ್ ಮೊದಲ ವಾರ ತುಂಬಾ ಬೇಗ ಆಯ್ತು. ಒಳನಾಡಿನ ಬಹಳಷ್ಟು ರಸ್ತೆಗಳು ಹಿಮ ಕರಗಿ, ನೆಲ ಒಣಗಿದ ಮೇಲೇ ತೆರೆಯುವುದು, ಅಂದರೆ ಜೂನ್ ಕೊನೆ, ಆಸ್ಕ್ಯಾ ಕಡೆಗಂತೂ ಇನ್ನೂ ತಡವಾಗಬಹುದು. ಜುಲೈ ಶುರುವಿನಿಂದ ಆಗಸ್ಟ್ ಮಧ್ಯದವರೆಗೆ ಇಟ್ಟುಕೊಳ್ಳಿ. ಜುಲೈನಲ್ಲೂ ಲೌಗಾವೆಗುರ್ ದಾರಿಯ ಎತ್ತರದ ಜಾಗವಾದ ಹ್ರಾಫ್ನ್‌ಟಿನ್ನುಸ್ಕೆರ್ ಸುತ್ತ ಹಿಮದ ಮೇಲೇ ನಡೆಯಬೇಕಾಗುತ್ತೆ.

ಟೆಂಟುವಾಸಿ:
ಮೇಲಿನವರು ಹೇಳಿದ್ದು ಸರಿ. ನಾನು ಊಟ, ವಾಸದ ಬಗ್ಗೆ ಹೇಳ್ತೀನಿ. ದಾರಿಯ ಗುಡಿಸಲುಗಳು ತಿಂಗಳುಗಟ್ಟಲೆ ಮೊದಲೇ ಭರ್ತಿ, ಹಾಸಿಗೆಯೂ ದುಬಾರಿ. ಪಕ್ಕದಲ್ಲೇ ಟೆಂಟ್ ಹಾಕಿದರೆ ಅದರ ಒಂದು ಪಾಲಿನಲ್ಲಿ ಮುಗಿಯುತ್ತೆ. ಎಲ್ಲಿ ಬೇಕಾದರೂ ಟೆಂಟ್ ಹೊಡೆಯಬಹುದು ಅಂತ ಹಳೇ ಬ್ಲಾಗ್‌ಗಳಲ್ಲಿ ಬರೆದಿರೋದನ್ನು ನಂಬಬೇಡಿ. ಲಾಂಡ್‌ಮನ್ನಲೌಗರ್ ಇರುವ ಫ್ಯಾಲ್ಲಾಬಾಕ್ ಸಂರಕ್ಷಿತ ಪ್ರದೇಶದಲ್ಲಿ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಹಾಕುವಂತಿಲ್ಲ.

ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ವಾ? ರೇಕ್ಯಾವಿಕ್‌ನ ಕ್ಯಾಂಪ್‌ಸೈಟ್‌ನಲ್ಲಿ ಊರಿಗೆ ಮರಳುವವರು ಅರ್ಧ ಉಳಿದ ಡಬ್ಬಿ, ಪಾಸ್ತಾ, ಓಟ್ಸ್, ಉಪ್ಪು ಎಲ್ಲ ಒಂದು ಕಪಾಟಿನಲ್ಲಿ ಬಿಟ್ಟು ಹೋಗ್ತಾರೆ. ಡಬ್ಬಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕುಲುಕುವ ಸದ್ದು ಬಂದರೆ ತಗೊಳ್ಳಿ. ಸಾಮಾನು ಬೋನಸ್ ಅಥವಾ ಕ್ರೋನನ್ ಅನ್ನೋ ಸೂಪರ್‌ಮಾರ್ಕೆಟ್‌ಗಳಲ್ಲಿ ಕೊಳ್ಳಿ, ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕೈ ಹಾಕಿದರೆ ಸುಡುತ್ತೆ. ನೀರಿಗೆ ಮಾತ್ರ ದುಡ್ಡು ಕೊಡಲೇಬೇಡಿ, ನಲ್ಲಿ ನೀರೇ ಚೆನ್ನಾಗಿದೆ. ಬಿಸಿನೀರಿನ ನಲ್ಲಿಯಲ್ಲಿ ಗಂಧಕದ ವಾಸನೆ ಬಂದರೆ ಗಾಬರಿಯಾಗಬೇಡಿ. ಕುಡಿಯೋಕೆ ತಣ್ಣೀರನ್ನೇ ಹಿಡಿಯಿರಿ.

ಚಾರಣದ_ಹುಚ್ಚು:
ಕಾರು ಬಿಟ್ಟೆವು! ಹಾಗಾದರೆ ರಿಂಗ್ ರೋಡ್‌ನಲ್ಲಿ ಲಿಫ್ಟ್ ಕೇಳಿಕೊಂಡು ಹೋಗಬಹುದಾ? ಹೊಳೆ ದಾಟೋದು ಎಷ್ಟು ಕಷ್ಟ?

ಗಾಳಿಗೆದೆ:
ದಕ್ಷಿಣದಲ್ಲಿ ಲಿಫ್ಟ್ ಸಿಗುತ್ತೆ. ಪೂರ್ವಕ್ಕೂ ಪಶ್ಚಿಮದ ಫ್ಯೋರ್ಡ್‌ಗಳ (ಬೆಟ್ಟಗಳ ನಡುವೆ ಒಳಚಾಚಿದ ಕಡಲಿನ ತೋಳುಗಳು) ಕಡೆಗೂ ಗಾಡಿಗಳೇ ಕಡಿಮೆ, ಮಳೆಯಲ್ಲಿ ಗಂಟೆಗಟ್ಟಲೆ ನಿಲ್ಲೋಕೆ ತಯಾರಿದ್ದರೆ ಮಾತ್ರ ನಂಬಿ. ನನ್ನ ಕೇಳಿದರೆ ರಿಂಗ್ ರೋಡ್ ಪೂರ್ತಿ ಸುತ್ತುವ ಆಸೆಯನ್ನೇ ಬಿಡಿ. ಸುಮಾರು 1,300 ಕಿ.ಮೀ. ರಸ್ತೆ ಅದು, ನೀವು ನಡೆಯೋಕೆ ಹೋಗ್ತಿರೋದು. ಆಸ್ಕ್ಯಾ ಕೂಡ ಈ ಸಲ ಬೇಡ. ಲೌಗಾವೆಗುರ್ ಮುಗಿದ ಮೇಲೆ ಫಿಮ್ವೋರ್ಡುಹಾಲ್ಸ್ ಕಣಿವೆದಾರಿ ಹತ್ತಿ ಸ್ಕೋಗರ್ ಹಳ್ಳಿಗೆ ಇಳಿಯಿರಿ, ಎರಡು ಹಿಮನದಿಗಳ ನಡುವಿನ ದಾರಿ, 2010ರಲ್ಲಿ ಬೆಂಕಿ ಉಗುಳಿದ ಮಾಗ್ನಿ, ಮೋದಿ ಅನ್ನೋ ಎರಡು ಕುಳಿಗಳು ಅಲ್ಲೇ ಸಿಗುತ್ತವೆ. (ಹೌದು, ಹೆಸರು ಅದೇ. ಅವರ ಪುರಾಣದಲ್ಲಿ ಥೋರ್‌ನ ಮಕ್ಕಳು.)

ಹೊಳೆಗೆ ಬೆಳಿಗ್ಗೆ ಬೇಗ ಇಳಿಯಿರಿ. ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ನೀರು ಏರುತ್ತೆ. ಅಗಲವಾಗಿ ಹರಡಿಕೊಂಡಿರುವ ಕಡೆ ಆಳ ಕಡಿಮೆ, ಕಿರಿದಾದ ಕಡೆ ಸೆಳೆತ ಜಾಸ್ತಿ. ಬೂಟು ಬಿಚ್ಚಿ ಹಿಂಪಟ್ಟಿ ಇರುವ ಚಪ್ಪಲಿ ಹಾಕಿ, ಬರಿಗಾಲು ಬೇಡ. ಬ್ಯಾಗಿನ ಸೊಂಟದ ಪಟ್ಟಿ ಸಡಿಲಿಸಿ, ಜಾರಿದರೆ ಬ್ಯಾಗು ಕಳಚಬೇಕು. ನೀರು ಬರುವ ಕಡೆಗೆ ಮುಖ ಮಾಡಿ, ಕೋಲು ಊರಿ, ಅಡ್ಡಡ್ಡ ಹೆಜ್ಜೆ. ಅರ್ಧ ದಾರಿಗೆ ಕಾಲು ಮರಗಟ್ಟಿ ಕಲ್ಲು ತಾಗಿದ್ದೂ ಗೊತ್ತಾಗಲ್ಲ.

ಗಾಳಿಯ ವಿಷಯ ಯಾರೂ ಎತ್ತಲಿಲ್ಲ. ಹ್ರಾಫ್ನ್‌ಟಿನ್ನುಸ್ಕೆರ್ ಗುಡಿಸಲಿನಿಂದ ಕೂಗಳತೆಗಿಂತ ಸ್ವಲ್ಪ ದೂರದಲ್ಲಿ ಒಂದು ಕಲ್ಲುಗುಪ್ಪೆ ಇದೆ. 2004ರ ಜೂನ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ಸತ್ತ ಯುವ ಚಾರಣಿಗನ ನೆನಪಿಗೆ ಇಟ್ಟದ್ದು. ಹಾಗಾಗಿ ಪ್ರತಿ ಚಾರಣಕ್ಕೂ ಎರಡು ಮೂರು ದಿನ ಕೈಯಲ್ಲಿ ಖಾಲಿ ಇರಲಿ. ಗುಡಿಸಲಿನ ವಾರ್ಡನ್ ಹೋಗಬೇಡಿ ಅಂದರೆ ಕೂತುಬಿಡಿ. ಸೇಫ್‌ಟ್ರಾವೆಲ್ ಜಾಲತಾಣದಲ್ಲಿ ನಿಮ್ಮ ದಾರಿ ಬರೆದಿಟ್ಟು ಹೋಗಿ, ಅದು ಉಚಿತ.

ಬೂಟುಗಾಲು:
ಹಾರ್ನ್‌ಸ್ಟ್ರಾಂಡಿರ್ ಇಟ್ಟುಕೊಳ್ಳಿ, ಅದನ್ನು ಬಿಡಬೇಡಿ. ರಸ್ತೆ ಇಲ್ಲ, ಅಂಗಡಿ ಇಲ್ಲ, ವರ್ಷಪೂರ್ತಿ ವಾಸಿಸುವವರೂ ಇಲ್ಲ. ಆರ್ಕ್ಟಿಕ್ ನರಿಗಳು ಟೆಂಟ್ ಹತ್ತಿರವೇ ಸುಳಿದಾಡುತ್ತವೆ, ಊಟದ ಚೀಲ ಹೊರಗೆ ಬಿಡಬೇಡಿ. ದೋಣಿ ಈಸಾಫ್ಯೋರ್ದುರ್ ಪಟ್ಟಣದಿಂದ. ಸಮುದ್ರ ಕೆಟ್ಟರೆ ವಾಪಸ್ ದೋಣಿ ಆ ದಿನ ಬರಲ್ಲ, ಆದ್ದರಿಂದ ಎರಡು ದಿನದ ಊಟ ಹೆಚ್ಚಿಗೆ ಇರಲಿ. ಊರಿಗೆ ಮರಳುವ ವಿಮಾನವನ್ನು ದೋಣಿಯ ಮರುದಿನಕ್ಕೇ ಬುಕ್ ಮಾಡಬೇಡಿ.